ಐಫೋನಿಂದ ಆಂಡ್ರಾಯ್ಡ್‌ಗೆ, ಆಂಡ್ರಾಯ್ಡ್‌ನಿಂದ ಐಫೋನಿಗೆ: ಕೇಬಲ್ ಇಲ್ಲದೆ, ಡೇಟಾ ಖಾಲಿ ಮಾಡದೆ ಫೈಲ್ ಕಳಿಸುವುದು ಹೇಗೆ?

ಮದುವೆ ಸೀಸನ್ ಶುರುವಾಯಿತೆಂದರೆ ಈ ಪ್ರಶ್ನೆಯೂ ಶುರು. "ನನ್ನದು ಆಂಡ್ರಾಯ್ಡ್, ತಂಗೀದು ಐಫೋನ್. ಛತ್ರದಲ್ಲಿ ತೆಗೆದ ಫೋಟೊ ಎಲ್ಲಾ ಅವಳ ಹತ್ರಾನೇ ಇವೆ. ಹೇಗೆ ತಗೊಳ್ಳೋದು?" ಒಬ್ಬೊಬ್ಬರಿಗೇ ಬಿಡಿ ಬಿಡಿಯಾಗಿ ಉತ್ತರ ಬರೆದು ಸಾಕಾಗಿದೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಆಂಡ್ರಾಯ್ಡ್ ಫೋನಿನಲ್ಲಿ ಹಾಟ್‌ಸ್ಪಾಟ್ ಆನ್ ಮಾಡಿ. ಐಫೋನನ್ನು ಅದಕ್ಕೆ ಕನೆಕ್ಟ್ ಮಾಡಿ. ಎರಡರಲ್ಲೂ ಲೋಕಲ್‌ಸೆಂಡ್ ಎಂಬ ಉಚಿತ ಆ್ಯಪ್ ಹಾಕಿಕೊಂಡು ಕಳಿಸಿ. ಅಷ್ಟೇ. ಆದರೆ ಈ "ಅಷ್ಟೇ" ಅನ್ನುವುದರೊಳಗೆ ನಾಲ್ಕೈದು ಕಡೆ ಕಾಲು ಜಾರುತ್ತದೆ. ಜಾರಿದವರೆಲ್ಲ ಬೈಯುವುದು ಆ್ಯಪ್ ಅನ್ನು, ತಪ್ಪು ಮಾತ್ರ ಸಾಮಾನ್ಯವಾಗಿ ವೈಫೈನದ್ದೋ, ಯಾವಾಗಲೋ ಒತ್ತಿದ ಒಂದು "ಬೇಡ" ಬಟನ್‌ನದ್ದೋ ಆಗಿರುತ್ತದೆ.

ಬ್ಲೂಟೂತ್, ಏರ್‌ಡ್ರಾಪ್ ಯಾಕೆ ಆಗುವುದಿಲ್ಲ?

ಬ್ಲೂಟೂತ್ ಮರೆತುಬಿಡಿ. ಹಳೇ ಕೀಪ್ಯಾಡ್ ಫೋನ್ ಕಾಲದಲ್ಲಿ ಹಾಡು ಕಳಿಸುತ್ತಿದ್ದೆವಲ್ಲ, ಆ ಬಗೆಯ ಫೈಲ್ ಕಳಿಸುವಿಕೆಗೆ ಐಫೋನ್ ಒಪ್ಪುವುದೇ ಇಲ್ಲ. ಎರಡೂ ಫೋನ್ ಪೇರ್ ಆದ ಹಾಗೆ ಕಾಣಬಹುದು, ಆದರೆ ಫೋಟೊ ಹೋಗುವುದಿಲ್ಲ. ಒಂದು ವೇಳೆ ಹೋಗಿದ್ದರೂ ಅಷ್ಟೇ: ಬ್ಲೂಟೂತ್‌ನಲ್ಲಿ ಸೆಕೆಂಡಿಗೆ 2 ಮೆಗಾಬಿಟ್ ಸಿಕ್ಕಿದರೆ ಹೆಚ್ಚು, ಅಂದರೆ 1 ಜಿಬಿ ವೀಡಿಯೊಗೆ ಒಂದು ಗಂಟೆಗೂ ಜಾಸ್ತಿ ಕಾಯಬೇಕು.

ಏರ್‌ಡ್ರಾಪ್ ಆ್ಯಪಲ್‌ನ ಮನೆಮಾತು. 2011ರಲ್ಲಿ ಮ್ಯಾಕ್‌ಗೆ, 2013ರಲ್ಲಿ ಐಫೋನಿಗೆ ಬಂತು. ಆಂಡ್ರಾಯ್ಡ್ ಕಡೆ 2020ರಲ್ಲಿ ನಿಯರ್‌ಬೈ ಶೇರ್ ಬಂತು, 2024ರ ಜನವರಿಯಲ್ಲಿ ಅದು ಸ್ಯಾಮ್‌ಸಂಗ್‌ನ ಕ್ವಿಕ್ ಶೇರ್ ಜೊತೆ ಸೇರಿಕೊಂಡು ಈಗ ಎರಡಕ್ಕೂ ಕ್ವಿಕ್ ಶೇರ್ ಎಂಬ ಒಂದೇ ಹೆಸರು. ಎರಡೂ ಕಡೆ ಕೆಲಸ ನಡೆಯುವ ರೀತಿ ಹೆಚ್ಚುಕಡಿಮೆ ಒಂದೇ. ಬ್ಲೂಟೂತ್‌ನಿಂದ ಪಕ್ಕದ ಫೋನನ್ನು ಹುಡುಕುವುದು, ವೈಫೈನಿಂದ ಫೈಲ್ ಸಾಗಿಸುವುದು. ಆದರೆ ಒಬ್ಬರು ತುಳುವಿನಲ್ಲಿ ಕರೆಯುತ್ತಾರೆ, ಇನ್ನೊಬ್ಬರು ಕೊಡವ ತಕ್ಕ್‌ನಲ್ಲಿ ಕಾಯುತ್ತಿರುತ್ತಾರೆ.

ಈಗ ಒಂದು ಕಿಟಕಿ ತೆರೆದಿದೆ. 2025ರ ನವೆಂಬರ್‌ನಲ್ಲಿ ಗೂಗಲ್ ತನ್ನ ಪಿಕ್ಸೆಲ್ 10 ಫೋನ್‌ಗಳ ಕ್ವಿಕ್ ಶೇರ್ ನೇರವಾಗಿ ಏರ್‌ಡ್ರಾಪ್ ಜೊತೆ ಮಾತಾಡುವಂತೆ ಮಾಡಿತು. ನಿಮ್ಮ ಆಂಡ್ರಾಯ್ಡ್‌ನಲ್ಲಿ ಇದು ಇದೆಯಾ ಎಂದು ನೋಡಲು ಒಂದು ನಿಮಿಷ ಸಾಕು. ಐಫೋನಿನ ಏರ್‌ಡ್ರಾಪ್ ಸೆಟ್ಟಿಂಗ್‌ನಲ್ಲಿ "ಎವ್ರಿಒನ್ ಫಾರ್ 10 ಮಿನಿಟ್ಸ್" ಆರಿಸಿ, ಆಂಡ್ರಾಯ್ಡ್‌ನಲ್ಲಿ ಒಂದು ಫೋಟೊ ತೆರೆದು ಕ್ವಿಕ್ ಶೇರ್ ಒತ್ತಿ. ಪಟ್ಟಿಯಲ್ಲಿ ಐಫೋನಿನ ಹೆಸರು ಕಂಡರೆ ನೀವು ಪುಣ್ಯವಂತರು, ಮುಂದಿನದನ್ನು ಓದುವ ಅಗತ್ಯವಿಲ್ಲ. ಕಾಣದಿದ್ದರೆ ಬನ್ನಿ.

ವಾಟ್ಸ್ಆ್ಯಪ್ ಇದೆಯಲ್ಲ ಎನ್ನುವವರಿಗೆ

ಇದೆ. ನಾನೂ ಕಳಿಸುತ್ತೇನೆ. ಆದರೆ ಫೋಟೊವನ್ನು ಮಾಮೂಲಿಯಾಗಿ ಕಳಿಸಿದರೆ ವಾಟ್ಸ್ಆ್ಯಪ್ ಅದನ್ನು ಹಿಂಡಿ ಚಿಕ್ಕದು ಮಾಡುತ್ತದೆ. ಎಚ್‌ಡಿ ಒತ್ತಿದರೂ ಮೂಲ ಫೈಲ್ ಹೋಗುವುದಿಲ್ಲ, ಸ್ವಲ್ಪ ಕಡಿಮೆ ಹಿಂಡುತ್ತದೆ ಅಷ್ಟೇ. ಫೋನಿನಲ್ಲಿ ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಗೊತ್ತಾಗುವುದು ಆಲ್ಬಂ ಮಾಡಿಸಲು ಹೋದಾಗ. ನಮ್ಮ ಮನೆಯಲ್ಲೂ ಹೀಗಾಗಿ, ಅಜ್ಜಿಯ ಎಂಬತ್ತರ ಶಾಂತಿಯ ಫೋಟೊಗಳನ್ನು ಆರು ತಿಂಗಳ ನಂತರ ಮತ್ತೆ ಒಬ್ಬೊಬ್ಬರ ಫೋನಿಂದ ಹುಡುಕಿ ತೆಗೆಯಬೇಕಾಯಿತು.

ಒಂದೆರಡು ಫೈಲ್ ಆದರೆ ವಾಟ್ಸ್ಆ್ಯಪ್‌ನಲ್ಲೇ "ಡಾಕ್ಯುಮೆಂಟ್" ಎಂದು ಆರಿಸಿ ಕಳಿಸಿ. ಹಾಗೆ ಕಳಿಸಿದರೆ ಹಿಂಡುವುದಿಲ್ಲ, ಒಂದು ಫೈಲ್ 2 ಜಿಬಿವರೆಗೆ ಹೋಗುತ್ತದೆ. ಆದರೆ ಇದು ಇಂಟರ್ನೆಟ್ ದಾರಿ. ನಿಮ್ಮ ಪಕ್ಕದಲ್ಲೇ ಕುಳಿತವರಿಗೆ ಕಳಿಸಿದರೂ ಫೈಲ್ ಮೊದಲು ಎಲ್ಲೋ ಇರುವ ಸರ್ವರ್‌ಗೆ ಹೋಗಿ, ಅಲ್ಲಿಂದ ಇಳಿದು ಬರಬೇಕು. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಇದ್ದರೆ ಇಬ್ಬರದ್ದೂ ಮಧ್ಯಾಹ್ನದೊಳಗೆ ಖಾಲಿ.

ಲೆಕ್ಕ ಸುಮ್ನೆ ಹೇಳುತ್ತಿಲ್ಲ. ಐಫೋನಿನಲ್ಲಿ ಒಂದು ನಿಮಿಷದ ವೀಡಿಯೊ 1080ಪಿ ಆದರೆ ಸುಮಾರು 60 ಎಂಬಿ. 4ಕೆ ಆದರೆ 170 ಎಂಬಿ, ಅದೇ 60 ಫ್ರೇಮ್‌ನ 4ಕೆ ಆದರೆ 400 ಎಂಬಿ. ಹತ್ತು ನಿಮಿಷದ ಧಾರೆ ವೀಡಿಯೊ ಎಷ್ಟಾಯಿತು, ನೀವೇ ಗುಣಿಸಿಕೊಳ್ಳಿ.

ಏನೇನು ಬೇಕು

ಎರಡು ಫೋನ್, ಎರಡರಲ್ಲೂ ಸಾಕಷ್ಟು ಚಾರ್ಜ್, ಪಡೆಯುವ ಫೋನಿನಲ್ಲಿ ಖಾಲಿ ಜಾಗ. ಈ ಕೊನೆಯದನ್ನು ಯಾರೂ ನೋಡುವುದಿಲ್ಲ, ಆಮೇಲೆ ಮುಕ್ಕಾಲು ಬಂದು ನಿಂತುಹೋಯಿತು ಎನ್ನುತ್ತಾರೆ. 10 ಜಿಬಿ ಬರುವುದಿದ್ದರೆ 12 ಜಿಬಿಯಾದರೂ ಖಾಲಿ ಇರಲಿ.

ಇನ್ನು ಆ್ಯಪ್. ಲೋಕಲ್‌ಸೆಂಡ್ ಓಪನ್ ಸೋರ್ಸ್, ಅಂದರೆ ಅದರ ಒಳಗಿನ ಕೋಡ್ ಯಾರು ಬೇಕಾದರೂ ತೆರೆದು ನೋಡಬಹುದು. ಜಾಹೀರಾತಿಲ್ಲ, ಲಾಗಿನ್ ಇಲ್ಲ, ಮೊಬೈಲ್ ನಂಬರ್ ಕೇಳುವುದಿಲ್ಲ. ಆಂಡ್ರಾಯ್ಡ್, ಐಫೋನ್ ಅಲ್ಲದೆ ವಿಂಡೋಸ್, ಮ್ಯಾಕ್, ಲಿನಕ್ಸ್‌ನಲ್ಲೂ ನಡೆಯುತ್ತದೆ. ಪ್ಲೇ ಸ್ಟೋರ್, ಆ್ಯಪ್ ಸ್ಟೋರ್ ಎರಡರಲ್ಲೂ ಸಿಗುತ್ತದೆ.

"ಮೊದಲು ಶೇರ್‌ಇಟ್ ಇತ್ತಲ್ಲ" ಎಂದು ಕೇಳುವವರು ಇನ್ನೂ ಇದ್ದಾರೆ. ಇತ್ತು. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿದಾಗ ಶೇರ್‌ಇಟ್, ಕ್ಸೆಂಡರ್ ಎರಡೂ ಹೋದವು. ಆ ಹೆಸರಿಗೆ ಹತ್ತಿರದ ಹೆಸರಿಟ್ಟುಕೊಂಡು ಬರುವ ನಕಲಿಗಳನ್ನು ಹಾಕಿಕೊಳ್ಳಬೇಡಿ. ಯಾರೋ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಎಪಿಕೆ, ಅಂದರೆ ಪ್ಲೇ ಸ್ಟೋರ್ ಹೊರಗಿನಿಂದ ಹಾಕಿಕೊಳ್ಳುವ ಆ್ಯಪ್ ಫೈಲ್, ಅದಂತೂ ಬೇಡವೇ ಬೇಡ. ಫೋಟೊ ಕಳಿಸಲು ಹೋಗಿ ಬ್ಯಾಂಕ್ ಖಾತೆ ಖಾಲಿ ಮಾಡಿಕೊಳ್ಳುವ ದಾರಿ ಅದು.

ಹಂತ ಹಂತವಾಗಿ

1. ಎರಡೂ ಫೋನಿಗೆ ಲೋಕಲ್‌ಸೆಂಡ್ ಹಾಕಿಕೊಳ್ಳಿ. ಇಂಟರ್ನೆಟ್ ಬೇಕಾಗುವುದು ಈ ಒಂದು ಹಂತಕ್ಕೆ ಮಾತ್ರ. ಹಾಗಾಗಿ ಮನೆಯಿಂದ ಹೊರಡುವ ಮೊದಲೇ ಹಾಕಿಟ್ಟುಕೊಳ್ಳಿ, ಛತ್ರದ ನೆಲಮಾಳಿಗೆಯ ಊಟದ ಹಾಲ್‌ನಲ್ಲಿ ಸಿಗ್ನಲ್ ಹುಡುಕಬೇಡಿ.

2. ಐಫೋನಿನಲ್ಲಿ ಆ್ಯಪ್ ಮೊದಲ ಸಲ ತೆರೆದಾಗ "ಲೋಕಲ್ ನೆಟ್‌ವರ್ಕ್‌ನಲ್ಲಿರುವ ಸಾಧನಗಳನ್ನು ಹುಡುಕಲು ಬಿಡಬೇಕಾ" ಎಂಬ ಅರ್ಥದ ಒಂದು ಚೌಕ ಬರುತ್ತದೆ. "ಅಲೋ" ಒತ್ತಿ. ಇಲ್ಲಿ ತಪ್ಪಿದವರೇ ಜಾಸ್ತಿ. ಏನು ಕೇಳಿದರೂ "ಬೇಡ" ಒತ್ತುವ ಒಳ್ಳೆಯ ಅಭ್ಯಾಸ ಇಲ್ಲಿ ಕೈಕೊಡುತ್ತದೆ, ಯಾಕೆಂದರೆ ಐಫೋನ್ ಎರಡನೇ ಸಲ ಕೇಳುವುದಿಲ್ಲ. ಈಗಾಗಲೇ ಬೇಡ ಒತ್ತಿದ್ದರೆ ಸೆಟ್ಟಿಂಗ್ಸ್ ತೆರೆದು, ಪ್ರೈವಸಿ ಅಂಡ್ ಸೆಕ್ಯುರಿಟಿ, ಅದರೊಳಗೆ ಲೋಕಲ್ ನೆಟ್‌ವರ್ಕ್, ಅಲ್ಲಿ ಲೋಕಲ್‌ಸೆಂಡ್ ಎದುರಿನ ಬಟನ್ ಹಸಿರು ಮಾಡಿ.

3. ಆಂಡ್ರಾಯ್ಡ್‌ನಲ್ಲಿ ಮೊದಲು ಮೊಬೈಲ್ ಡೇಟಾ ಆಫ್ ಮಾಡಿ, ಆಮೇಲೆ ಹಾಟ್‌ಸ್ಪಾಟ್ ಆನ್ ಮಾಡಿ. ಹೌದು, ಡೇಟಾ ಆಫ್. ಹಾಟ್‌ಸ್ಪಾಟ್ ಎಂದರೆ ನಿಮ್ಮ ಫೋನೇ ಒಂದು ಪುಟ್ಟ ವೈಫೈ ಡಬ್ಬಿ ಆಗುವುದು. ಫೈಲ್ ಒಂದು ಫೋನಿಂದ ಇನ್ನೊಂದಕ್ಕೆ ನೇರವಾಗಿ ಆ ವೈಫೈನಲ್ಲಿ ಹೋಗುತ್ತದೆ, ಹೊರಗಿನ ಇಂಟರ್ನೆಟ್‌ಗೆ ಕಾಲಿಡುವುದೇ ಇಲ್ಲ. ಡೇಟಾ ಆನ್ ಇಟ್ಟರೆ ಏನಾಗುತ್ತದೆ ಎಂದರೆ, ಐಫೋನ್ "ಆಹಾ, ವೈಫೈ ಸಿಕ್ಕಿತು" ಎಂದುಕೊಂಡು ತನ್ನ ಬ್ಯಾಕಪ್, ಆ್ಯಪ್ ಅಪ್‌ಡೇಟ್ ಎಲ್ಲಾ ನಿಮ್ಮ ಪ್ಯಾಕ್‌ನಲ್ಲೇ ಮುಗಿಸಿಕೊಳ್ಳುತ್ತದೆ. ಚಿಕ್ಕಪೇಟೆಯ ನೆಲದಡಿಯ ಮೆಟ್ರೋ ಸ್ಟೇಷನ್‌ನಲ್ಲಿ ಕೂತು ಸಿಗ್ನಲ್ ಒಂದು ಕಡ್ಡಿಯೂ ಇಲ್ಲದೆ ಕಳಿಸಬಹುದು, ಅಷ್ಟು ಸಲೀಸು.

4. ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಬ್ಯಾಂಡ್ ಎಂಬುದು ಕಂಡರೆ 5 ಗಿಗಾಹರ್ಟ್ಸ್ ಆರಿಸಿ. ಬ್ಯಾಂಡ್ ಎಂದರೆ ವೈಫೈ ಓಡಾಡುವ ರಸ್ತೆ ಎಂದುಕೊಳ್ಳಿ. 2.4 ಗಿಗಾಹರ್ಟ್ಸ್ ಹಳೇ ರಸ್ತೆ. ಅಕ್ಕಪಕ್ಕದ ಮನೆಯ ವೈಫೈ, ಬ್ಲೂಟೂತ್ ಇಯರ್‌ಫೋನ್, ಮೈಕ್ರೋವೇವ್ ಒಲೆ ಎಲ್ಲವೂ ಅದರಲ್ಲೇ ನುಗ್ಗುತ್ತವೆ, ಸಂಜೆ ಆರರ ಸಿಲ್ಕ್ ಬೋರ್ಡ್ ಥರ. 5ರಲ್ಲಿ ಜಾಗ ಜಾಸ್ತಿ, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ, ಹಾಗಾಗಿ ಎರಡೂ ಫೋನನ್ನು ಒಂದೇ ಮೇಜಿನ ಮೇಲಿಡಿ. ಸೆಕೆಂಡಿಗೆ 30 ಮೆಗಾಬಿಟ್ ಸಿಕ್ಕರೆ 1 ಜಿಬಿಗೆ ನಾಲ್ಕೂವರೆ ನಿಮಿಷ ಹಿಡಿಯುತ್ತದೆ, 200 ಸಿಕ್ಕರೆ 40 ಸೆಕೆಂಡ್. ಹಳೇ ಫೋನಿಗೆ 5 ಗಿಗಾಹರ್ಟ್ಸ್ ಹಾಟ್‌ಸ್ಪಾಟ್ ಕಾಣದಿದ್ದರೆ ಮಾತ್ರ 2.4ಕ್ಕೆ ಇಳಿಯಿರಿ.

5. ಐಫೋನಿನ ವೈಫೈ ಪಟ್ಟಿಯಲ್ಲಿ ಆ ಹಾಟ್‌ಸ್ಪಾಟ್ ಹೆಸರು ಒತ್ತಿ ಪಾಸ್‌ವರ್ಡ್ ಹಾಕಿ. ಆಂಡ್ರಾಯ್ಡ್ ತೋರಿಸುವ ಕ್ಯೂಆರ್ ಕೋಡ್ ಅನ್ನು ಐಫೋನ್ ಕ್ಯಾಮೆರಾದಲ್ಲಿ ಹಿಡಿದರೂ ಆಯಿತು. "ಈ ವೈಫೈನಲ್ಲಿ ಇಂಟರ್ನೆಟ್ ಇಲ್ಲ, ಮೊಬೈಲ್ ಡೇಟಾ ಬಳಸಲೇ" ಎಂಬಂತೆ ಐಫೋನ್ ಕೇಳಿದರೆ ವೈಫೈನಲ್ಲೇ ಉಳಿಯುವ ಆಯ್ಕೆ ಒತ್ತಿ. ನಮಗೆ ಇಂಟರ್ನೆಟ್ ಬೇಡವೇ ಬೇಡ ಅಲ್ವಾ?

6. ಎರಡೂ ಕಡೆ ಲೋಕಲ್‌ಸೆಂಡ್ ತೆರೆಯಿರಿ. ಪಡೆಯುವ ಫೋನಿನಲ್ಲಿ "ರಿಸೀವ್" ಪುಟದಲ್ಲಿ ಸುಮ್ನೆ ಬಿಡಿ. ಅಲ್ಲಿ ಆ ಫೋನಿಗೆ ಆ್ಯಪ್ ತಾನೇ ಇಟ್ಟ ಒಂದು ಹಣ್ಣಿನ ಹೆಸರು ಕಾಣುತ್ತದೆ, ಜೊತೆಗೆ ಒಂದು ಸಂಖ್ಯೆ. ಇಂಗ್ಲಿಷಿನಲ್ಲಿ ಇಂಥ ಆಪಲ್, ಅಂಥ ಆರೆಂಜ್ ಎಂದೇನೋ ಇರುತ್ತದೆ, ಗಾಬರಿ ಬೇಡ. ಬೇಕಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಹೆಸರು ಬದಲಾಯಿಸಿಕೊಳ್ಳಿ.

7. ಕಳಿಸುವ ಫೋನಿನಲ್ಲಿ "ಸೆಂಡ್" ಒತ್ತಿ. ಫೋಟೊ, ವೀಡಿಯೊ ಆದರೆ "ಮೀಡಿಯಾ", ಪಿಡಿಎಫ್ ಇತ್ಯಾದಿ ಆದರೆ "ಫೈಲ್" ಆರಿಸಿ, ಬೇಕಾದವನ್ನು ಟಿಕ್ ಮಾಡಿ. ಕೆಳಗೆ ಹತ್ತಿರದ ಸಾಧನಗಳ ಪಟ್ಟಿಯಲ್ಲಿ ಆ ಹಣ್ಣಿನ ಹೆಸರು ಬಂದಿರುತ್ತದೆ. ಅದನ್ನು ಒತ್ತಿ.

8. ಪಡೆಯುವ ಫೋನ್ ಒಪ್ಪಿಗೆ ಕೇಳುತ್ತದೆ. "ಅಕ್ಸೆಪ್ಟ್" ಒತ್ತಿ. ಸೆಟ್ಟಿಂಗ್ಸ್‌ನಲ್ಲಿ "ಕ್ವಿಕ್ ಸೇವ್" ಎಂದೊಂದಿದೆ, ಆನ್ ಮಾಡಿದರೆ ಕೇಳದೇ ಎಲ್ಲವನ್ನೂ ತೆಗೆದುಕೊಳ್ಳುತ್ತದೆ. ಅದು ಆಫ್‌ನಲ್ಲೇ ಇರಲಿ. ಹಂಚಿಕೊಂಡ ವೈಫೈನಲ್ಲಿ ಗೊತ್ತಿಲ್ಲದವರು ಏನು ಕಳಿಸುತ್ತಾರೋ ಯಾರಿಗೆ ಗೊತ್ತು.

9. ಮುಗಿಯುವವರೆಗೆ ಎರಡೂ ಫೋನಿನ ಸ್ಕ್ರೀನ್ ಆರಬಾರದು, ಬೇರೆ ಆ್ಯಪ್‌ಗೆ ಹೋಗಲೂಬಾರದು. ಐಫೋನ್ ಹಿಂದೆ ಸರಿದ ಆ್ಯಪ್‌ಗಳನ್ನು ಬೇಗ ಮಲಗಿಸಿಬಿಡುತ್ತದೆ. ನಡುವೆ ರೀಲ್ಸ್ ನೋಡಲು ಹೋದಿರೋ, ಟ್ರಾನ್ಸ್‌ಫರ್ ಅಲ್ಲಿಗೇ ಕಟ್. ದೊಡ್ಡ ಫೈಲ್ ಇದ್ದರೆ ಐಫೋನಿನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಆಟೋ ಲಾಕ್ ಅನ್ನು ಸ್ವಲ್ಪ ಹೊತ್ತಿಗೆ "ನೆವರ್" ಮಾಡಿ, ಲೋ ಪವರ್ ಮೋಡ್ ಆನ್ ಇದ್ದರೆ ತೆಗೆಯಿರಿ. ನೂರಾರು ಫೋಟೊ ಇದ್ದರೆ ಐವತ್ತು, ಐವತ್ತು ಮಾಡಿ ಕಳಿಸಿ. ನಡುವೆ ನಿಂತರೂ ಎಲ್ಲಿಗೆ ನಿಂತಿತು ಎಂದು ಗೊತ್ತಿರುತ್ತದೆ.

10. ಬಂದದ್ದು ಎಲ್ಲಿ ಹೋಯಿತು? ಆಂಡ್ರಾಯ್ಡ್‌ನಲ್ಲಿ ಡೌನ್‌ಲೋಡ್ ಫೋಲ್ಡರ್ ನೋಡಿ. ಐಫೋನಿನಲ್ಲಿ ಫೋಟೊಗಳು ಗ್ಯಾಲರಿಗೆ ಹೋಗುತ್ತವೆ. ಉಳಿದವು "ಫೈಲ್ಸ್" ಆ್ಯಪ್, ಅದರೊಳಗೆ "ಆನ್ ಮೈ ಐಫೋನ್", ಅದರೊಳಗೆ ಲೋಕಲ್‌ಸೆಂಡ್ ಫೋಲ್ಡರ್‌ನಲ್ಲಿರುತ್ತವೆ. ಬರಲೇ ಇಲ್ಲ ಎನ್ನುವ ಎಷ್ಟೋ ಫೈಲ್‌ಗಳು ಇಲ್ಲೇ ಕೂತಿರುತ್ತವೆ.

11. ಹಾಟ್‌ಸ್ಪಾಟ್ ಆಫ್, ಮೊಬೈಲ್ ಡೇಟಾ ಆನ್, ಆಟೋ ಲಾಕ್ ಮೊದಲಿನ ಹಾಗೆ. ಡೇಟಾ ಆನ್ ಮಾಡಲು ಮರೆತು, ಆಟೋ ಬುಕ್ ಆಗುತ್ತಿಲ್ಲ ಎಂದು ರಸ್ತೆಯಲ್ಲಿ ನಿಲ್ಲಬೇಡಿ.

ಆ ಕಡೆಯ ಫೋನ್ ಪಟ್ಟಿಯಲ್ಲಿ ಕಾಣದಿದ್ದರೆ

ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಇದೇ, ಅದಕ್ಕೆ ಇಲ್ಲಿ ಸ್ವಲ್ಪ ನಿಲ್ಲೋಣ.

ಮೊದಲು ವೈಫೈ ಹೆಸರು ನೋಡಿ. ಎರಡೂ ಒಂದೇ ವೈಫೈನಲ್ಲಿವೆ ಎಂದು ನೀವು ಅಂದುಕೊಂಡಿರುತ್ತೀರಿ, ಐಫೋನ್ ಮಾತ್ರ ಇಂಟರ್ನೆಟ್ ಸಿಗಲಿಲ್ಲವೆಂದು ಸದ್ದಿಲ್ಲದೆ ಮನೆಯ ವೈಫೈಗೆ ಹಾರಿರುತ್ತದೆ.

ನೀವು ಪಿಜಿ, ಆಫೀಸು ಅಥವಾ ಕೆಫೆಯ ವೈಫೈ ಬಳಸುತ್ತಿದ್ದರೆ, ಎರಡೂ ಫೋನ್ ಅದೇ ವೈಫೈನಲ್ಲಿದ್ದರೂ ಕಾಣದಿರುವುದು ಸಹಜ. ಇಂಥ ಕಡೆ ಒಂದು ಫೋನ್ ಇನ್ನೊಂದನ್ನು ನೋಡದಂತೆ ನಡುವೆ ಗೋಡೆ ಕಟ್ಟಿರುತ್ತಾರೆ. ಇದಕ್ಕೆ ಕ್ಲೈಂಟ್ ಐಸೊಲೇಷನ್ ಎನ್ನುತ್ತಾರೆ. ಅದು ನಿಮ್ಮ ಸುರಕ್ಷತೆಗೇ ಇರುವುದು, ಮೂರನೇ ಮಹಡಿಯವರು ನಿಮ್ಮ ಲ್ಯಾಪ್‌ಟಾಪ್‌ಗೆ ಇಣುಕದಿರಲಿ ಎಂದು. ವಾರ್ಡನ್ ಜೊತೆ ಜಗಳಕ್ಕೆ ಹೋಗಬೇಡಿ. ನಿಮ್ಮದೇ ಹಾಟ್‌ಸ್ಪಾಟ್ ಹಾಕಿಕೊಳ್ಳಿ, ಮುಗಿಯಿತು. ಮನೆಯ ರೂಟರ್‌ನ "ಗೆಸ್ಟ್" ವೈಫೈಗೂ ಇದೇ ಕಥೆ.

ವಿಪಿಎನ್ ಆನ್ ಇದೆಯಾ ನೋಡಿ. ವಿಪಿಎನ್ ಎಂದರೆ ಫೋನಿನ ಇಂಟರ್ನೆಟ್ ಎಲ್ಲವನ್ನೂ ಬೇರೆ ಕಡೆಯ ಸರ್ವರ್ ಮೂಲಕ ಕಳಿಸುವ ಸುರಂಗ. ಐಟಿ ಕಂಪನಿಗಳ ಕೆಲಸದ ಫೋನ್‌ಗಳಲ್ಲಿ ಇದು ಸದಾ ಆನ್ ಇರುತ್ತದೆ, ಪಕ್ಕದ ಫೋನಿಗೆ ಹೋಗಬೇಕಾದದ್ದೂ ಸುರಂಗಕ್ಕೆ ಬೀಳಬಹುದು. ನಿಮ್ಮದೇ ಫೋನಾದರೆ ಆಫ್ ಮಾಡಿ. ಕಂಪನಿಯ ಫೋನಾದರೆ ಅದರಲ್ಲಿ ಮದುವೆ ಫೋಟೊ ಯಾಕೆ ಇಟ್ಟಿದ್ದೀರಿ ಎಂಬುದು ಬೇರೆ ಪ್ರಶ್ನೆ.

ಇಷ್ಟಾದರೂ ಕಾಣದಿದ್ದರೆ ಸೆಂಡ್ ಪುಟದಲ್ಲಿ ವಿಳಾಸ ಕೈಯಾರೆ ಹಾಕುವ ಗುರುತು ಇದೆ. ಅಲ್ಲಿ ಆ ಕಡೆಯ ಫೋನಿನ ರಿಸೀವ್ ಪುಟದಲ್ಲಿ ಕಾಣುವ ಸಂಖ್ಯೆ ಹಾಕಿ. ಆ ಸಂಖ್ಯೆ ಬೇರೇನಲ್ಲ, ಫೋನಿನ ಐಪಿ ವಿಳಾಸದ ಕೊನೆಯ ಭಾಗ. ಐಪಿ ವಿಳಾಸ ಎಂದರೆ ವೈಫೈ ಪ್ರತಿ ಸಾಧನಕ್ಕೂ ಕೊಡುವ ಮನೆ ನಂಬರ್.

ಆಂಡ್ರಾಯ್ಡ್‌ನ ಹಾಟ್‌ಸ್ಪಾಟ್ ಬೇಡ, ಐಫೋನಿನದ್ದೇ ಹಾಕುತ್ತೇನೆ ಎಂದರೆ ಅದೂ ಆಗುತ್ತದೆ. ಆದರೆ ಐಫೋನ್ ಸಾಮಾನ್ಯವಾಗಿ ಮೊಬೈಲ್ ಡೇಟಾ ಆನ್ ಇಲ್ಲದೆ ಹಾಟ್‌ಸ್ಪಾಟ್ ಕೊಡುವುದಿಲ್ಲ, ಜೊತೆಗೆ "ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ" ಎಂಬುದು ಆನ್ ಇದ್ದರೆ 2.4 ಗಿಗಾಹರ್ಟ್ಸ್‌ಗೆ ಇಳಿದು ನಿಧಾನವಾಗುತ್ತದೆ. ನನ್ನ ಮತ ಆಂಡ್ರಾಯ್ಡ್‌ಗೇ.

ಆ್ಯಪ್ ಹಾಕಿಕೊಳ್ಳಲು ಒಪ್ಪದವರಿಗೆ

ಕೆಲವರ ಫೋನಿಗೆ, ವಿಶೇಷವಾಗಿ ಚಿಕ್ಕಪ್ಪ ದೊಡ್ಡಪ್ಪಂದಿರ ಫೋನಿಗೆ, ಹೊಸ ಆ್ಯಪ್ ಹಾಕಿಸುವುದೇ ದೊಡ್ಡ ಕೆಲಸ. ಆಗ ಬ್ರೌಸರ್ ದಾರಿ ಹಿಡಿಯಿರಿ. ಎರಡೂ ಫೋನಿನಲ್ಲಿ ಪೇರ್‌ಡ್ರಾಪ್ ಡಾಟ್ ನೆಟ್ ತೆರೆಯಿರಿ. ಒಂದೇ ವೈಫೈನಲ್ಲಿದ್ದರೆ ಎರಡೂ ಪರಸ್ಪರ ಕಾಣುತ್ತವೆ, ಎದುರಿನ ಚಿತ್ರ ಒತ್ತಿ ಫೈಲ್ ಆರಿಸಿ. ಕಾಣದಿದ್ದರೆ ಆರು ಅಂಕಿಯ ಕೋಡ್‌ನಿಂದ ಎರಡನ್ನೂ ಜೋಡಿಸಬಹುದು. ಪುಟ ತೆರೆಯಲು ಇಂಟರ್ನೆಟ್ ಬೇಕು, ಹಾಗಾಗಿ ಮೂರನೇ ಹಂತದ ಡೇಟಾ ಆಫ್ ತಂತ್ರ ಇಲ್ಲಿ ನಡೆಯುವುದಿಲ್ಲ. ನಾಲ್ಕೈದು ಫೋಟೊಗೆ ಬಹಳ ಚೆನ್ನ. ದೊಡ್ಡ ವೀಡಿಯೊಗೆ ಬ್ರೌಸರ್ ಉಸಿರು ಬಿಡುತ್ತದೆ, ಬೇಡ.

ಬಂತು, ಆದರೆ ತೆರೆಯುತ್ತಿಲ್ಲ

2017ರಲ್ಲಿ ಬಂದ ಐಒಎಸ್ 11ರಿಂದ ಐಫೋನ್ ಫೋಟೊಗಳನ್ನು ಎಚ್‌ಇಐಸಿ ಎಂಬ ರೂಪದಲ್ಲಿ ಇಡುತ್ತದೆ. ಜೆಪಿಜಿಗಿಂತ ಕಡಿಮೆ ಜಾಗ, ಗುಣಮಟ್ಟ ಚೆನ್ನಾಗಿದೆ. ಈಗಿನ ಆಂಡ್ರಾಯ್ಡ್‌ಗಳು ತೆರೆಯುತ್ತವೆ. ಹಳೆಯವು ಮುಖ ತಿರುಗಿಸುತ್ತವೆ, ಪ್ರಿಂಟ್ ಅಂಗಡಿಯ ಹಳೇ ಕಂಪ್ಯೂಟರ್ ಕೂಡ. ಮುಂದೆ ತೆಗೆಯುವ ಫೋಟೊಗಳಿಗಾದರೆ ಐಫೋನಿನ ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್‌ನಲ್ಲಿ "ಮೋಸ್ಟ್ ಕಂಪ್ಯಾಟಿಬಲ್" ಆರಿಸಿ. ಸಮಾರಂಭಕ್ಕೆ ಮುಂಚೆ ಮಾಡಿದರೆ ಮಾತ್ರ ಉಪಯೋಗ, ಆಗಲೇ ತೆಗೆದ ಫೋಟೊ ಬದಲಾಗುವುದಿಲ್ಲ. ವೀಡಿಯೊ ಓಡದಿದ್ದರೆ ವಿಎಲ್‌ಸಿ ಆ್ಯಪ್‌ನಲ್ಲಿ ತೆರೆದು ನೋಡಿ.

ಇನ್ನೊಂದು ತೊಡಕು. ಐಫೋನಿನ ಗ್ಯಾಲರಿಯಲ್ಲಿ ಫೋಟೊ ಕಾಣುತ್ತದೆ, ಆದರೆ ಆರಿಸಿದ ಕೂಡಲೇ ಚಕ್ರ ತಿರುಗುತ್ತಾ ಕೂರುತ್ತದೆ. ಐಕ್ಲೌಡ್‌ನ "ಆಪ್ಟಿಮೈಸ್ ಐಫೋನ್ ಸ್ಟೋರೇಜ್" ಆನ್ ಇದ್ದರೆ ಫೋನಿನಲ್ಲಿರುವುದು ಚಿಕ್ಕ ಪ್ರತಿ, ಅಸಲಿ ಆ್ಯಪಲ್‌ನ ಸರ್ವರ್‌ನಲ್ಲಿ. ಅಸಲಿಯನ್ನು ಮೊದಲು ಇಂಟರ್ನೆಟ್‌ನಿಂದ ಇಳಿಸಿಕೊಳ್ಳಬೇಕು. ಒಳ್ಳೆಯ ವೈಫೈ ಇರುವ ಕಡೆ ಆ ಫೋಟೊಗಳನ್ನು ಒಂದು ಸಲ ತೆರೆದು ಪೂರ್ತಿ ಇಳಿಯಲು ಬಿಟ್ಟು, ಆಮೇಲೆ ಹಾಟ್‌ಸ್ಪಾಟ್‌ಗೆ ಬನ್ನಿ.

ಇಡೀ ಫೋನನ್ನೇ ಬದಲಾಯಿಸುತ್ತಿರುವವರಿಗೆ ಈ ದಾರಿ ಅಲ್ಲ. ಆಂಡ್ರಾಯ್ಡ್ ಬಿಟ್ಟು ಐಫೋನಿಗೆ ಹೋಗುವವರಿಗೆ ಆ್ಯಪಲ್‌ನದ್ದೇ "ಮೂವ್ ಟು ಐಒಎಸ್" ಆ್ಯಪ್ ಇದೆ. ಐಫೋನ್ ಬಿಟ್ಟು ಬರುವವರಿಗೆ ಹೊಸ ಆಂಡ್ರಾಯ್ಡ್ ಸೆಟಪ್ ಮಾಡುವಾಗಲೇ ದಾರಿ ತೋರಿಸುತ್ತದೆ. ಕಾಂಟ್ಯಾಕ್ಟ್, ಮೆಸೇಜ್ ಎಲ್ಲಾ ಅದರಲ್ಲೇ ತನ್ನಿ. ಯಾವ ದಾರಿಯಾದರೂ ಸರಿ, ಹಳೇ ಫೋನ್ ಮಾರುವ ಮೊದಲು ಎರಡೂ ಕಡೆ ಫೋಟೊಗಳ ಸಂಖ್ಯೆ ತಾಳೆ ನೋಡಿ, ಅತಿ ದೊಡ್ಡ ವೀಡಿಯೊವನ್ನು ಕೊನೆಯವರೆಗೆ ಓಡಿಸಿ ನೋಡಿ, ಆಮೇಲೆ ಫಾರ್ಮ್ಯಾಟ್ ಮಾಡಿ.